ತೆಳಿ ಕೇಳಿದ ಮೇಡಂ

ಬಾವಿಯ ದಂಡೆಗೆ ಎದೆ ಆನಿಸಿ, ತಲೆಯನ್ನು ಒಳಗೆ ಇಳಿಬಿಟ್ಟು ಹೆಂಗಸೊಬ್ಬರು ನಿಂತಿದ್ದರೆ ಯಾವ ಊರಿನಲ್ಲಾದರೂ ಕಂಡವರ ಎದೆ ಧಸಕ್ಕೆನ್ನುತ್ತದೆ. ನನ್ನ ಮಾವನಿಗೂ ಹಾಗೇ ಆಯಿತು. ಗದ್ದೆಯ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವರು, ಗುಲ್ವಾಡಿಯ ನಮ್ಮ ಮನೆಯ ಬಾವಿಗೆ ಗುರುತಿಲ್ಲದ ಹೆಂಗಸೊಬ್ಬರು ಹೀಗೆ ಬಗ್ಗಿರುವುದನ್ನು ಕಂಡು ಹೊರೆಯನ್ನು ಅಲ್ಲೇ ಎಸೆದು ಓಡಿ ಬಂದರು.

"ಹ್ವಾಯ್! ಹ್ವಾಯ್! ಎಂತ ಮಾಡ್ತ್ರಿ ನೀವ್!"

ಆಕೆ ತಲೆ ಎತ್ತಲಿಲ್ಲ. ಬಾವಿಯೊಳಗಿನಿಂದಲೇ ಗುಂಯ್ಯೆಂದು ಸ್ವರ ಬಂತು. "ಹೆದ್ರಬೇಡಿ. ಹಾರ್ತಿಲ್ಲೆ. ವಾಸ್ನಿ ಕಾಂತಿದ್ದೆ."

"ವಾಸ್ನಿ ಕಾಂಬುಕೆ ಅದೆಂತ ಹಲಸಿನ ಹಣ್ಣಾ?" ಎಂದರು ಮಾವ, ಏದುಸಿರು ಬಿಡುತ್ತಲೇ.

ಆಗ ತಲೆ ಎತ್ತಿ ನಕ್ಕರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಗಲ್ಲಕ್ಕೆ ಹಸಿರು ಪಾಚಿ ಮೆತ್ತಿತ್ತು. ಮೇಡಮ್ಮನ್ನು ನಾನು ಮೊದಲು ಕಂಡದ್ದು ಹೀಗೆ. ಈಗ ಅವರಿಲ್ಲ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಹೋದರು. ಹೋದ ಮೇಲೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಪಾಚಿ ಮೆತ್ತಿದ ಗಲ್ಲವೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬೋರ್ಡಿನ ಮೇಲೆ ತಮ್ಮ ಹೆಸರು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರ ತರಬೇತಿ ಕೇಂದ್ರದ ಬಾಗಿಲಿಗೆ ಯಾರೋ ಅಭಿಮಾನದಿಂದ ಬರೆಸಿ ತಂದ ಫಲಕವನ್ನು ಮಗುಚಿ ಹಾಕಿ, ಅದರ ಬೆನ್ನಿನ ಮೇಲೆ "ಚಪ್ಪಲಿ ಹೊರಗೆ" ಎಂದು ಬರೆದಿದ್ದರು. ಜನರಿಗೆ ಅವರು ಬಾವಿ ಮೇಡಂ. ನಮಗೆ ಬರೇ ಮೇಡಂ.

ಬ್ರಹ್ಮಾವರದ ಕಡೆಯವರು. ಬಹಳ ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಆಮೇಲೆ ಅದನ್ನು ಬಿಟ್ಟು, ಕುಂದಾಪುರ ಪೇಟೆಯ ಒಂದು ಹಂಚಿನ ಕಟ್ಟಡದ ಮಾಳಿಗೆಯಲ್ಲಿ ತರಬೇತಿ ಕೇಂದ್ರ ನಡೆಸಲು ಕೂತರು. ಕೆಳಗೆ ಟೈಲರ್ ಅಂಗಡಿ, ಮೇಲೆ ನಾವು. ಮೇಡಂ ನೀರಿನ ಪಾಠ ಮಾಡುತ್ತಿದ್ದರೆ ಕೆಳಗಿನಿಂದ ಹೊಲಿಗೆ ಯಂತ್ರದ ತಾಳ. ಕುಡಿಯುವ ನೀರು, ಒಲೆಯ ಹೊಗೆ, ಕೊಳಚೆ, ಕಸ ಸುಡುವ ಗಾಳಿ, ಇವೆಲ್ಲ ಮೈಗೆ ಏನು ಮಾಡುತ್ತವೆ ಎಂದು ಊರೂರಿನ ಹೆಂಗಸರಿಗೆ, ಆಶಾ ಕಾರ್ಯಕರ್ತೆಯರಿಗೆ, ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಕಲಿಸುವುದು ಒಂದು ಕೆಲಸ. ದೊಡ್ಡ ಊರುಗಳಿಂದ ಸಂಶೋಧನೆಗೆಂದು ಬರುವವರಿಗೆ ಮನೆ ಹುಡುಕಿ ಕೊಟ್ಟು, ಮಾತು ಕಲಿಸಿಕೊಟ್ಟು, ಜೊತೆಗೆ ನಮ್ಮಂಥವರನ್ನು ಕಳಿಸುವುದು ಇನ್ನೊಂದು. ಬಾವಿಕಟ್ಟೆಯ ಆ ಭೇಟಿಯ ಮೇಲೆ ಅಲ್ಲಿಗೆ ಸೇರಿದ ನಾನು ಬೀಗ ತೆಗೆಯುವುದು, ಬಾಟಲಿ ತೊಳೆಯುವುದು, ದಾರಿ ತೋರಿಸುವುದು ಎಲ್ಲ ಮಾಡುತ್ತಿದ್ದೆ.

ಬರುವ ಸಂಶೋಧಕರಿಗೆ ಅವರು ಹಾಕುತ್ತಿದ್ದ ಕಟ್ಟಳೆ ಒಂದೇ. ನೀರು ಒಯ್ದ ಮನೆಗೆ ಉತ್ತರ ಒಯ್ಯಬೇಕು. ಒಮ್ಮೆ ಒಬ್ಬ ಹುಡುಗ, ಒಳ್ಳೆಯವನೇ, "ಸ್ಯಾಂಪಲ್ ಎಲ್ಲ ಆಯಿತು ಮೇಡಂ, ನಾಳೆ ಹೊರಡುತ್ತೇನೆ, ಡೇಟಾ ಸಾಕು" ಎಂದ.

"ನಿನಗೆ ಸಾಕು. ಅವರಿಗೆ?" ಎಂದರು ಮೇಡಂ. "ನಿನ್ನ ರಕ್ತ ತೆಗೆದುಕೊಂಡು ಹೋದ ಲ್ಯಾಬಿನವರು ರಿಪೋರ್ಟ್ ಕೊಡದಿದ್ದರೆ ಸುಮ್ಮನಿರುತ್ತೀಯಾ?" ಆ ಹುಡುಗ ಶಿರೂರಿನವರೆಗೆ ಮತ್ತೆ ಬಸ್ಸಿನಲ್ಲಿ ಹೋಗಿ ಮನೆಮನೆಗೆ ಹೇಳಿ ಬಂದ. ಬಂದವನ ಕೈಯಲ್ಲಿ ಯಾರೋ ಕೊಟ್ಟ ಬಾಳೆಗೊನೆ. "ಕಂಡೆಯಾ, ಉತ್ತರ ಒಯ್ದರೆ ಬರಿಗೈಲಿ ಕಳಿಸುವುದಿಲ್ಲ" ಎಂದು ಅರ್ಧ ಗೊನೆಯನ್ನು ಮೇಡಮ್ಮೇ ಕೇಂದ್ರಕ್ಕೆಂದು ಇಳಿಸಿಕೊಂಡರು.

ನನ್ನನ್ನು ಬೆಳೆಸಿದ್ದು ಅಜ್ಜಿ. ಹಾಗಾಗಿ ನನ್ನ ನಾಲಿಗೆಯಲ್ಲಿ ಹಳೆಯ ಮಾತು ಹೆಚ್ಚು. ಮೇಡಮ್ಮಿಗೆ ಅದು ಬೇಕಿತ್ತು. "ಬೇಸಿಗೆಯಲ್ಲಿ ಹೊಳೆಗೆ ಸಮುದ್ರದ ನೀರು ಏರಿ ಬಾವಿ ಉಪ್ಪಾಗ್ತದಲ್ಲ, ನಿನ್ನ ಅಜ್ಜಿ ಅದಕ್ಕೆ ಎಂತ ಹೇಳ್ತಿದ್ರು?"

"ನೀರ್ ಸೌಳ್ ಆಯ್ತ್ ಅಂತಿದ್ರ್."

ಅವತ್ತೇ, ಮನೆಮನೆಯಲ್ಲಿ ಕೇಳುವ ಪ್ರಶ್ನೆಗಳಲ್ಲಿದ್ದ ಲವಣಾಂಶ ಹೋಗಿ ಸೌಳು ಬಂತು. "ಲವಣಾಂಶ ಎಷ್ಟು ಅಂತ ಕೇಳಿದ್ರೆ ಯಾರೂ ಹೇಳ್ಲಿಕ್ಕಿಲ್ಲ. ನೀರ್ ಸೌಳಾ, ಬೇಳೆ ಬೇಯ್ತದಾ ಅಂತ ಕೇಳಿ, ಒಂದು ಗಂಟೆ ಮಾತಾಡ್ತಾರೆ."

ತರಬೇತಿಯ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಮನೆಯ ಅಂಗಳದ ಚಿತ್ರ ಬರೆಯಬೇಕು. ಬಾವಿ ಎಲ್ಲಿ, ದನದ ಹಟ್ಟಿ ಎಲ್ಲಿ, ಮಳೆನೀರು ಯಾವ ಕಡೆಗೆ ಹರಿಯುತ್ತದೆ. ಒಮ್ಮೆ ಒಬ್ಬಳು ತುಳಸಿಕಟ್ಟೆ, ಮಲ್ಲಿಗೆ ಬಳ್ಳಿ, ಬೆಕ್ಕನ್ನೂ ಬರೆದಿದ್ದಳು. ಮೇಡಂ ಕಾಗದವನ್ನು ಆಚೆ ಈಚೆ ತಿರುಗಿಸಿ ನೋಡಿ, "ಎಲ್ಲ ಲಾಯ್ಕ್ ಇತ್ತ್ ಮಾರಾಯ್ತಿ. ಆರೆ ನಿಮ್ಮನಿಯರ್ ಬೆಳಿಗ್ಗೆ ಎದ್ದ್ ಹೋಪುದ್ ಎಲ್ಲಿಗೆ?" ಎಂದರು. ತರಗತಿಯೇ ನಗೆಯಲ್ಲಿ ಮುಳುಗಿತು. ಬೋರ್ಡಿನ ಮುಂದೆ ಪುಸ್ತಕದ ಕನ್ನಡ, ತಮಾಷೆಗೆ ಮತ್ತು ಬಾವಿಕಟ್ಟೆಗೆ ಕುಂದಾಪ್ರ ಕನ್ನಡ. ಸಿಟ್ಟು ಬಂದರೆ ಮಾತ್ರ ಮಾತೇ ಇಲ್ಲ. ಬಾಟಲಿಯ ಮುಚ್ಚಳ ತೆರೆದಿಟ್ಟವರನ್ನು ಬರೇ ನೋಡುತ್ತಿದ್ದರು, ಅಷ್ಟೇ. ಆ ನೋಟಕ್ಕೆ ನಾವು ಹೆದರುತ್ತಿದ್ದೆವು.

ಇಂಥ ಮೇಡಮ್ಮಿನ ಬೋರ್ಡಿನ ಮೇಲೆಯೇ ಒಂದು ತಪ್ಪು ವಾಕ್ಯ ಬಹಳ ಕಾಲ ಇತ್ತು. "ಪರೀಕ್ಷೆಗೆ ಹೋದ ಮನೆಯಲ್ಲಿ ಕಾಯಿಸದ ನೀರು ಕುಡಿಯಬಾರದು." ಓದಿದರೆ ತಪ್ಪೇನೂ ಕಾಣುವುದಿಲ್ಲ. ಯಾವ ಬಾವಿಯಲ್ಲಿ ಏನಿದೆಯೋ ನೋಡುವುದಕ್ಕೆ ಮೊದಲೇ ಕುಡಿದರೆ ಹೇಗೆ? ಅವರಿಗೇ ಹಿಂದೆ ಒಮ್ಮೆ ಟೈಫಾಯ್ಡ್ ಬಂದು ಕೂದಲು ಉದುರಿತ್ತು. ಆ ಹೆದರಿಕೆಯಲ್ಲಿ ಬರೆದ ವಾಕ್ಯ ಅದು.

ಹೊಳೆಬದಿಯ ಒಂದು ಕೇರಿಯಲ್ಲಿ ಗಿರಿಜಕ್ಕ ಎಂಬವರ ಮನೆ. ಅವರ ಮೊಮ್ಮಗಳು ಆಗಷ್ಟೇ ನಡೆಯಲು ಕಲಿತ ಕೂಸು. ಅದಕ್ಕೆ ಮತ್ತೆ ಮತ್ತೆ ಹೊಟ್ಟೆ ಕೆಡುತ್ತಿತ್ತು. ಮದ್ದು ಕೊಟ್ಟರೆ ನಿಲ್ಲುವುದು, ವಾರ ಕಳೆದರೆ ಮತ್ತೆ ಶುರು. ಕೂಸಿನ ತಾಯಿ ಸುಜಾತ ಆಶಾ ಕಾರ್ಯಕರ್ತೆಯ ಹತ್ತಿರ ಕಣ್ಣೀರು ಹಾಕಿದ್ದಳು. ನೀರು ನೋಡಿ ಬನ್ನಿ ಎಂದು ಮೇಡಂ ನನ್ನನ್ನೂ, ಉಪ್ಪುಂದದಿಂದ ತರಬೇತಿಗೆ ಬಂದಿದ್ದ ಪ್ರೇಮಾಳನ್ನೂ ಕಳಿಸಿದರು.

ನಾನು ಬಾವಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದೆ. ಪ್ರೇಮಾ ಜಗಲಿಯಲ್ಲಿದ್ದಳು. ಗಿರಿಜಕ್ಕ ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತಂದಿಟ್ಟರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬಾಯಾರಿಕೆಗೆ ಕೊಡುವ ಈ ಉಪಚಾರಕ್ಕೆ ಆಸ್ರಿಗೆ ಎನ್ನುತ್ತಾರೆ. ಬಂದವರು ಯಾರು, ಏಕೆ ಬಂದರು ಎಂದು ಕೇಳುವುದು ಆಮೇಲೆ.

"ಬಿಸ್ಲಂಗ್ ಬಂದಿರಿ. ಆಸ್ರಿಗೆ ಕುಡೀನಿ ಮಕ್ಳೆ."

ಪ್ರೇಮಾ ಬೆಲ್ಲ ತಿಂದಳು, ತಂಬಿಗೆ ಮುಟ್ಟಲಿಲ್ಲ.

"ಬೆಲ್ಲ ತಿಂದೆ, ನೀರ್ ಎಂತಕೆ ಬ್ಯಾಡ ಹೆಣ್ಣೆ?"

ಪ್ರೇಮಾ ಸುಳ್ಳು ಬಾರದವಳು, ಕುಡಿಯಬಾರದು ಎಂಬ ಬೋರ್ಡಿನ ಮಾತನ್ನೇ ಹೇಳಿಬಿಟ್ಟಳು. "ಹಾಂಗಲ್ಲ ಅಕ್ಕ... ಯಾರ ಮನಿಯಂಗೂ ನೀರ್ ಕುಡುಕಾಗ ಅಂದ್ ಮೇಡಂ ಹೇಳಿರ್."

ಗಿರಿಜಕ್ಕನ ಮುಖ ಒಮ್ಮೆಲೇ ಮುಚ್ಚಿಕೊಂಡಿತು. "ನಮ್ಮನಿ ನೀರ್ ಮುಟ್ದೆ ಹೋಪರನ್ನ ನಾ ಮೊದ್ಲೇ ಕಂಡಿದೆ," ಎಂದರು. "ಈಗ ಅದ್ನ ಹೇಳಿ ಕೊಡುಕೆ ಒಂದ್ ಮೇಡಮ್ಮೂ ಬಂದಿರಾ?" ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಬಾಟಲಿ ತೆಗೆದುಕೊಂಡು, ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಖಾಲಿ ಬಾಟಲಿ ವಾಪಸು ಕೊಟ್ಟರು. "ಹೋಯ್ನಿ."

ಆ ಬಾವಿಯ ಕತೆ ನನಗೆ ಗೊತ್ತಿತ್ತು. ಗಿರಿಜಕ್ಕನ ಅತ್ತೆಯ ಕಾಲದಲ್ಲಿ ಆ ಕೇರಿಯ ಯಾವ ಬಾವಿಯನ್ನೂ ಅವರು ಮುಟ್ಟುವಂತಿರಲಿಲ್ಲ. ಕೊಡ ಹಿಡಿದು ದೂರ ನಿಲ್ಲಬೇಕು, ಯಾರಾದರೂ ಮನಸ್ಸು ಬಂದವರು ಎತ್ತಿ ಹೊಯ್ಯಬೇಕು. ಅತ್ತೆ ಹಟ ಹಿಡಿದು ತಮ್ಮದೇ ಅಂಗಳದಲ್ಲಿ ಕೆಂಪು ಮುರಕಲ್ಲು ಕಡಿಸಿ ಬಾವಿ ತೋಡಿಸಿದರು. ಬಂದ ನೀರು ಬೆಲ್ಲದ ಹಾಗೆ. ಕಾಲ ತಿರುಗಿತು. ಬೇಸಿಗೆಯಲ್ಲಿ ಕೇರಿಯ ಬಾವಿಗಳೆಲ್ಲ ಸೌಳಾದವು, ಇದೊಂದು ಆಗಲಿಲ್ಲ. ಹಿಂದೆ ಎತ್ತಿ ಹೊಯ್ಯುತ್ತಿದ್ದ ಮನೆಗಳ ಸೊಸೆಯಂದಿರೇ ಕೊಡಪಾನ ಹಿಡಿದು ಇಲ್ಲಿಗೆ ಬರತೊಡಗಿದರು. ಗಿರಿಜಕ್ಕ ಯಾರಿಗೂ ಇಲ್ಲ ಎನ್ನಲಿಲ್ಲ. ಆದರೆ ಮೊದಲ ಸಲ ಬಂದವರಿಗೆ ಜಗಲಿಯಲ್ಲಿ ಕೂರಿಸಿ ಒಂದು ತಂಬಿಗೆ ಕುಡಿಸುತ್ತಿದ್ದರು. ಕುಡಿದ ಮೇಲೆಯೇ ಕೊಡ ತುಂಬುವುದು.

ಅಂಥ ಮನೆಯಲ್ಲಿ ನಾವು ನೀರು ಬಿಟ್ಟು ಬಂದಿದ್ದೆವು. ಸಂಜೆಯೊಳಗೆ ಸುದ್ದಿ ಹರಡಿತು. ಕೇರಿಯ ಇನ್ನುಳಿದ ಮನೆಗಳವರೂ "ಬಾಟ್ಲಿ ಹಿಡ್ಕಂಡ್ ಬರ್ಬೇಡಿ" ಎಂದರು.

ಮೇಡಂ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪ್ರೇಮಾ ಅಳುತ್ತಿದ್ದಳು. "ನೀನು ಅಳಬೇಡ. ನೀನು ಬೋರ್ಡ್ ಓದಿದೆ. ಬರೆದದ್ದು ನಾನು." ಆಮೇಲೆ ತಮಗೇ ಹೇಳಿಕೊಂಡ ಹಾಗೆ, "ಆ ಕೂಸು ಅದೇ ನೀರು ಕುಡಿಯುತ್ತಾ ಇರುತ್ತದಲ್ಲ" ಎಂದರು.

ಮರುದಿನ ಅವರೂ ನಾನೂ ಹೋದೆವು. ಗಿರಿಜಕ್ಕ ಜಗಲಿಯಲ್ಲಿ ಕೂತು ಹಿಡಿಸೂಡಿ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ಕೀಸುತ್ತಿದ್ದರು. ಬನ್ನಿ ಎನ್ನಲಿಲ್ಲ. ಮೇಡಂ ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ಕೈಗೆ ಸಿಕ್ಕಿದ ಒಂದು ಗರಿ ಎತ್ತಿ ತಾವೂ ಕೀಸತೊಡಗಿದರು. ಅದು ಅವರಿಗೆ ಬರುತ್ತಿರಲಿಲ್ಲ.

"ಕಡ್ಡಿ ಮುರಿಬೇಡಿ," ಎಂದರು ಗಿರಿಜಕ್ಕ, ತಲೆ ಎತ್ತದೆ. ಮತ್ತೆ, "ಆ ಹೆಣ್ಣಿಗೆ ನೀರ್ ಕುಡುಕಾಗ ಅಂದರ್ ನೀವೆಯಾ?"

"ನಾನೆ."

"ಎಂತಕೆ?"

"ಬುದ್ಧಿ ಇಲ್ದೆ."

ಗಿರಿಜಕ್ಕ ಜಗಳಕ್ಕೆ ತಯಾರಾಗಿ ಕೂತಿದ್ದರೋ ಏನೋ, ಈ ಉತ್ತರ ಕೇಳಿದ್ದೇ ಕತ್ತಿ ಕೆಳಗಿಟ್ಟು ಒಳಗೆ ಹೋದರು. ತಟ್ಟೆ, ಬೆಲ್ಲ, ತಂಬಿಗೆ ತಂದು ಮೇಡಮ್ಮಿನ ಮುಂದೆ ಇಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತರು. ಬಾಗಿಲ ಸಂದಿಯಲ್ಲಿ ಸುಜಾತ. ಅವಳ ಹೆಗಲ ಮೇಲೆ ಕೂಸು ಬಾಡಿದ ಬಸಳೆ ಸೊಪ್ಪಿನ ಹಾಗೆ ಬಿದ್ದುಕೊಂಡಿತ್ತು.

ಮೇಡಂ ಕುಡಿದರೆ ತಾವು ಕಲಿಸಿದ್ದು ಸುಳ್ಳಾಗುತ್ತದೆ. ಸುಜಾತ ನೋಡುತ್ತಿದ್ದಾಳೆ, ನಾಳೆ ಇದೇ ನೀರನ್ನು ಧೈರ್ಯದಿಂದ ಕೂಸಿಗೆ ಕೊಡುತ್ತಾಳೆ. ಕುಡಿಯದಿದ್ದರೆ ಈ ಬಾಗಿಲು ಇನ್ನು ತೆರೆಯುವುದಿಲ್ಲ.

ಮೇಡಂ ತಂಬಿಗೆಯನ್ನು ನೋಡಿದರು. ಕೂಸನ್ನು ನೋಡಿದರು. "ಗಿರಿಜಕ್ಕ, ನಂಗೆ ಇದ್ ಬ್ಯಾಡ."

ಗಿರಿಜಕ್ಕನ ಕಣ್ಣು ಕಿರಿದಾಯಿತು.

"ಒಳ್ಗೆ ಕುಚ್ಚಿಗೆ ಅಕ್ಕಿ ಬೆಂದ ಪರಿಮಳ ಬತ್ತಾ ಇತ್ತ್. ತೆಳಿ ಇದ್ರೆ ಕೊಡಿ. ಎರಡ್ ಹರಳ್ ಉಪ್ಪ್ ಹಾಕಿ."

ತೆಳಿ ಅಂದರೆ ಅನ್ನ ಬಸಿದ ಗಂಜಿನೀರು. ಗಿರಿಜಕ್ಕ ನಂಬದವರ ಹಾಗೆ ನೋಡಿದರು. "ತೆಳಿಯಾ? ತೆಳಿ ಬಂದರಿಗೆ ಕೊಡುದಲ್ಲ. ಮನಿಯರ್ ಕುಡುದ್ ಅದ್."

"ಗೊತ್ತಿತ್ತ್. ಅದ್ಕೇ ಕೇಂಡದ್ದ್."

ಹಿತ್ತಲಿನಲ್ಲಿ ಕೋಳಿಯೊಂದು ಕೆದಕುವ ಸದ್ದು ಕೇಳುತ್ತಿತ್ತು. ಗಿರಿಜಕ್ಕ ಬಗ್ಗಿ ತಂಬಿಗೆ ಎತ್ತಿಕೊಂಡರು. "ಒಳ್ಗ್ ಬನ್ನಿ ಹಂಗಾರೆ," ಎಂದರು. "ತೆಳಿ ಜಗ್ಲಿ ಮೇಲ್ ಕೊಟ್ಟ್ರೆ ಕಂಡರ್ ನಗಾಡ್ತ್ರ್."

ಒಲೆಯ ಪಕ್ಕದ ಮಣೆಯ ಮೇಲೆ ಕೂತು ಮೇಡಂ ಒಂದು ಲೋಟ ತೆಳಿ ಕುಡಿದರು, ಇನ್ನೊಂದು ಕೇಳಿ ಕುಡಿದರು. ಲೋಟ ಕೆಳಗಿಟ್ಟ ಮೇಲೆ ಹೇಳಿದರು, "ಸುಳ್ಳ್ ಹೇಳ್ತಿಲ್ಲೆ ಗಿರಿಜಕ್ಕ. ಈ ಕೂಸನ್ ಕಂಡ್ ನಂಗೆ ಬಾವಿ ಮೇಲೆ ಸಂಶಯ ಇತ್ತ್. ಈ ತೆಳಿಯೂ ಅದೇ ಬಾವಿದ್. ಆರೆ ಇದ್ ಕುದ್ದದ್ದ್."

"ನಮ್ಮತ್ತಿ ತೋಡ್ಸದ್ ಬಾವಿ. ಇಡೀ ಕೇರಿ ಕುಡಿತ್ತ್. ಯಾರಿಗ್ ಎಂತ ಆಯ್ತ್?"

"ನಂಗೂ ಗೊತ್ತಿಲ್ಲೆ. ನೀವೇ ಕಾಣಿ." ಚೀಲದಿಂದ ಎರಡು ಸಣ್ಣ ಬಾಟಲಿ ತೆಗೆದರು. ಅದರೊಳಗೆ ಮದ್ದು ಹಚ್ಚಿದ ಕಾಗದದ ಪಟ್ಟಿ ಇರುತ್ತದೆ. ನೀರಿಗೆ ಕೊಳಚೆ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. "ಒಂದಕ್ಕೆ ಬಾವಿ ನೀರ್, ಇನ್ನೊಂದಕ್ಕೆ ಅದೇ ನೀರ್ ಕುದ್ಸಿ ತಣ್ಸಿ ಹೊಯ್ನಿ. ನೀವೇ ತುಂಬ್ಸಿ, ನೀವೇ ಇಟ್ಕಣಿ. ನಾ ಮುಟ್ತಿಲ್ಲೆ. ಅಲ್ಲಿವರಿಗೆ ಕೂಸಿಗೆ ಕುದ್ಸಿದ್ದೇ ಕೊಡಿ."

ಗಿರಿಜಕ್ಕ ಬಾಟಲಿಗಳನ್ನು ಉಪ್ಪಿನ ಭರಣಿಯ ಪಕ್ಕ ಇಟ್ಟರು.

ಎರಡು ದಿನ ಬಿಟ್ಟು ಅವರು ಒಬ್ಬರೇ ಬಸ್ಸು ಹತ್ತಿ ಬಂದು, ನಮ್ಮ ಮಾಳಿಗೆಯ ಮೆಟ್ಟಿಲು ಏರಿದರು. ಸೆರಗಿನ ಗಂಟು ಬಿಚ್ಚಿ ಬಾಟಲಿಗಳನ್ನು ಮೇಜಿನ ಮೇಲಿಟ್ಟರು. ಒಂದು ಹಾಗೇ ಇತ್ತು. ಇನ್ನೊಂದು ಕಾಡಿಗೆಯ ಹಾಗೆ ಕಪ್ಪು.

"ಕಾಣಿ," ಎಂದು ಕುರ್ಚಿಯ ಮೇಲೆ ಕುಸಿದರು. "ಇದ್ ಕೇರಿಗ್ ಗೊತ್ತಾರೆ ಎಂತ ಹೇಳ್ತ್ರ್ ಗೊತ್ತಿತ್ತಾ? ಅವ್ರ ಬಾವಿ ಅಲ್ದಾ, ಹಾಂಗೇ ಅಂತ್ರ್. ನಮ್ಮತ್ತಿ ತೋಡದ್ದ್ ಎಲ್ಲ ಮಣ್ಣಾಯ್ತ್."

ಮೇಡಂ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಬಾವಿಗೆ ಜ್ವರ ಬಂದದ್ದ್ ಗಿರಿಜಕ್ಕ. ಬಾವಿ ಸತ್ತದ್ದಲ್ಲ. ಜ್ವರ ಬಂದರನ್ನ ಯಾರಾರೂ ಮನಿಯಿಂದ ಹೊರ್ಗ್ ಹಾಕ್ತ್ರಾ?" ಆಮೇಲೆ, ಅಷ್ಟೇ ಮೆತ್ತಗೆ, "ಆರೆ ಕೇರಿಯಂಗೆ ಬ್ಯಾರೆ ಮಕ್ಳೂ ಇದ್ದೊ. ನಾಳೆ ಕೊಡ ಹಿಡ್ಕಂಡ್ ಬಪ್ಪರಿಗೆ ಹೇಳ್ಕ್. ನೀವ್ ಹೇಳ್ದಿದ್ರೆ ನಾ ಹೇಳ್ಕಾತ್ತ್. ನೀವ್ ಹೇಳ್ರೆ ಚಂದ."

ಗಿರಿಜಕ್ಕ ಕಪ್ಪು ಬಾಟಲಿಯನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಇಳಿದು ಹೋದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಹೋಗಿ ಅವರ ಬೇಲಿಯ ಹತ್ತಿರ ನಿಂತೆವು. ಗಿರಿಜಕ್ಕ ರಾಟೆಯ ಹಗ್ಗ ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಕೊಡ ಹಿಡಿದ ಹೆಂಗಸರು ಸುತ್ತ ಸೇರಿದ್ದರು.

"ನೀರ್ ಒಯ್ನಿ. ಆರೆ ಕುದ್ಸದೆ ಕುಡುಕಾಗ," ಎಂದರು. "ಬಾವಿಗೆ ಜ್ವರ ಬಂದಿತ್ತ್."

"ಬಾವಿಗ್ ಜ್ವರವಾ! ಥರ್ಮಾಮೀಟ್ರ್ ಇಟ್ಟ್ ಕಂಡ್ರಿಯಾ ಗಿರಿಜಕ್ಕ?" ಒಬ್ಬಳು ನಕ್ಕಳು.

ಗಿರಿಜಕ್ಕ ಸೆರಗಿನ ಗಂಟಿನಿಂದ ಕಪ್ಪು ಬಾಟಲಿ ತೆಗೆದು ಎತ್ತಿ ಹಿಡಿದರು. "ಇಕಾಣಿ ಥರ್ಮಾಮೀಟ್ರ್. ನಮ್ಮನಿ ಕೂಸಿಗೆ ಇದ್ನೇ ಕುಡ್ಸಿದೆ ನಾ, ಇಷ್ಟ್ ದಿನ."

ನಗು ನಿಂತಿತು. ಎಲ್ಲರ ಕಣ್ಣು, ಹಿಂದೆ ಇವರಿಗೆ ನೀರು ಎತ್ತಿ ಹೊಯ್ಯುತ್ತಿದ್ದ ದೊಡ್ಡಮನೆಯ ಸೊಸೆಯ ಮೇಲೆ, ಈಗ ಏನು ಹೇಳುತ್ತಾಳೋ ಎಂದು. ಆಕೆ ಕೊಡವನ್ನು ಕೆಳಗಿಟ್ಟು, ಬೇಲಿಯಾಚೆ ನಿಂತಿದ್ದ ನಮ್ಮನ್ನು ಕಂಡು ಕೂಗಿದಳು, "ಮೇಡಂ, ನಮ್ಮನಿ ಬಾವಿದೂ ಒಂದ್ ಕಾಣ್ಕ್. ಬಾಟ್ಲಿ ತಂದಿರ್ಯಾ?"

ಆಮೇಲೆ ಆ ಕೇರಿಯಲ್ಲಿ ಬಾಟಲಿ ಬೇಡ ಎಂದವರಿಲ್ಲ. ದೊಡ್ಡಮನೆಯ ಬಾವಿಯ ಬಾಟಲಿಯೂ ಕಪ್ಪಾಯಿತು. ಒಂದೆರಡು ಮನೆಯವರು ಗಿರಿಜಕ್ಕನ ಬಾವಿಗೆ ಕೆಲವು ದಿನ ಬರುವುದನ್ನು ಬಿಟ್ಟರು, ಅದೂ ನಿಜ. ಮುಂಬೈಯ ಹೋಟೆಲಿನಲ್ಲಿದ್ದ ಮಗ ರಜೆ ಹಾಕಿ ಬಂದ. ಹೊಸ ಪಾಯಿಖಾನೆಯ ಗುಂಡಿಯನ್ನು ಬಾವಿಯ ಮೇಲ್ಮಗ್ಗುಲಿಗೆ, ಇಳಿಜಾರು ನೋಡದೆ ತೋಡಿಸಿದ್ದವನು ಅವನೇ. ಅದನ್ನು ಮುಚ್ಚಿ ಕೆಳಗಿನ ಮೂಲೆಗೆ ಒಯ್ದರು. ಬಾವಿಯ ನೀರು ಬತ್ತಿಸಿ, ಗೋಡೆ ತಿಕ್ಕಿ, ಬ್ಲೀಚಿಂಗ್ ಪೌಡರ್ ಹಾಕಿದರು. ಮತ್ತೆ ಮತ್ತೆ ಬಾಟಲಿ ತುಂಬಿಸಿ ನೋಡಿದೆವು. ಬೇಸಿಗೆ ಕಳೆದು ಮಳೆಗಾಲ ಕಳೆಯುವ ಹೊತ್ತಿಗೆ ಬಾಟಲಿ ಕಪ್ಪಾಗುವುದು ನಿಂತಿತು. ಕೂಸು ಅದಕ್ಕೆ ಮೊದಲೇ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡತೊಡಗಿತ್ತು.

ಮೇಡಂ ಬೋರ್ಡಿನ ಆ ವಾಕ್ಯವನ್ನು ತಾವೇ ಒರೆಸಿದರು. ಹೊಸ ತರಗತಿಗೆ ಪ್ರತಿ ಸಲ ಈ ಕತೆ ಹೇಳುತ್ತಿದ್ದರು, ಗಿರಿಜಕ್ಕನ ಹೆಸರು ಬಿಟ್ಟು, ತಮ್ಮ ತಪ್ಪು ಬಿಡದೆ. "ನಾನು ಪುಸ್ತಕ ನೋಡಿ ಬರೆದೆ, ಜಗಲಿ ನೋಡಿ ಬರೆಯಲಿಲ್ಲ. ನಮ್ಮೂರಿನಲ್ಲಿ ನೀರು ಬೇಡ ಎನ್ನುವುದಕ್ಕೆ ಹಳೆಯ ಅರ್ಥ ಒಂದಿದೆ. ಬೇಡ ಅಂತ ಹೇಳಬೇಡಿ. ತೆಳಿ ಕೇಳಿ."

ಅವರು ಗಿರಿಜಕ್ಕನ ಮನೆಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಬಾವಿ ಸರಿಯಾದ ಮೇಲೆ ಗಿರಿಜಕ್ಕ ಕೆಣಕುತ್ತಿದ್ದರು, "ಈಗಾರೂ ನಮ್ಮನಿ ನೀರ್ ಕುಡಿತ್ರಾ, ಇಲ್ಯಾ?"

"ನೀರ್ ನೆಂಟ್ರಿಗ್ ಕೊಡಿ," ಎನ್ನುತ್ತಿದ್ದರು ಮೇಡಂ, ಸೀದಾ ಒಲೆಯ ಹತ್ತಿರ ನಡೆಯುತ್ತಾ. "ನಂಗೆ ತೆಳಿ."

ಕೊನೆಗೆ ಮೊಣಕಾಲು ಕೈಕೊಟ್ಟು, ಮಾಳಿಗೆ ಹತ್ತಲಾಗದ ಮೇಲೆ ಬ್ರಹ್ಮಾವರದಲ್ಲಿ ತಂಗಿಯ ಮನೆಯಲ್ಲಿದ್ದರು. ಕೇಂದ್ರವನ್ನೂ ಆ ಕತೆಯನ್ನೂ ನಾವು ಮುಂದುವರಿಸಿದೆವು. ಫೋನು ಮಾಡಿದರೆ ಮೊದಲು ಕೇಳುವುದು ನನ್ನ ಆರೋಗ್ಯವಲ್ಲ, "ಉತ್ತರ ಒಯ್ದು ಕೊಟ್ರಾ?" ಹೋದದ್ದು ನಿದ್ದೆಯಲ್ಲಿ. ತಂಗಿ ಹೇಳಿದರು.

ಸುದ್ದಿಯನ್ನು ಗಿರಿಜಕ್ಕನಿಗೆ ಫೋನಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಮನೆಗೇ ಹೋದೆ. ಅವರು ಅದೇ ಜಗಲಿಯಲ್ಲಿ ಕಡ್ಡಿ ಕೀಸುತ್ತಿದ್ದರು. ಈಗ ಕಣ್ಣು ಮಂದ, ಕೈ ಮಾತ್ರ ಹಾಗೇ ಓಡುತ್ತದೆ. ಹೇಳಿದೆ. ಕೈ ನಿಂತಿತು. ಬಾವಿಯ ಕಡೆ ತಿರುಗಿ, "ಕಡ್ಡಿ ಕೀಸುಕೆ ಕಡೆಗೂ ಬರ್ಲಿಲ್ಲೆ ಅವ್ರಿಗೆ," ಎಂದರು.

ಅಷ್ಟರಲ್ಲಿ ಬೇಲಿಯ ದಣಪೆ ದಾಟಿ ಒಬ್ಬಳು ಹುಡುಗಿ ಬಂದಳು. ಈ ಸಲದ ತರಬೇತಿಯವಳು, ಶಿರೂರಿನ ಕಡೆಯವಳು. ಮೇಡಮ್ಮನ್ನು ಕಂಡವಳೇ ಅಲ್ಲ. ಮಳೆಗಾಲ ಮುಗಿದ ಮೇಲಿನ ಪರೀಕ್ಷೆಗೆ ಬಾಟಲಿ ತಂದಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಗಿರಿಜಕ್ಕ ಕಣ್ಣೊರೆಸಿಕೊಂಡು ಏಳಲು ಹೊರಟರು. "ಕೂಕೊ ಹೆಣ್ಣೆ. ಆಸ್ರಿಗೆ ತತ್ತೆ."

ಹುಡುಗಿ ಚೀಲ ಇಳಿಸಿ, ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ಕಲಿತ ಪಾಠ ಒಪ್ಪಿಸುವವಳ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು, "ನಂಗೆ ನೀರ್ ಬ್ಯಾಡ ಅಜ್ಜಿ. ತೆಳಿ ಇದ್ರೆ ಕೊಡಿ."

ಗಿರಿಜಕ್ಕ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಗೋಡೆ ಹಿಡಿದು ಎದ್ದು, ಬಾಗಿಲನ್ನು ಪೂರ್ತಿ ತೆರೆದರು.

"ಇತ್ತ್ ಮಗಾ," ಎಂದರು. "ಒಳ್ಗ್ ಬಾ."